ಕೇಳುವವರೂ ಕೇಳಬೇಕು

ನಾಗಪುರದ ನಡುಭಾಗದಲ್ಲಿ ಮರಳುಗಲ್ಲಿನ ಒಂದು ಕಂಬವಿದೆ. ಪಕ್ಕದಲ್ಲಿ ನಾಲ್ಕು ಗಾರೆ ಕುದುರೆಗಳು. ಬ್ರಿಟಿಷರ ಕಾಲದ ಭೂಮಾಪನದವರು ನೆಟ್ಟ ಈ ಕಂಬವನ್ನು ಊರಿನವರು ‘ಜೀರೊ ಮೈಲ್’ ಎನ್ನುತ್ತಾರೆ. ಅಂದಿನ ಭಾರತದ ನಟ್ಟನಡುವೆ ಇದೇ ಎಂಬ ಹೆಮ್ಮೆ ಅವರದು. ಈ ಊರಿನ ಒಳಗೂ ಅಂಚಿನಲ್ಲೂ ವಿಜ್ಞಾನದ ಮನೆಗಳು ಎಷ್ಟಿವೆ ಎಂದು ಎಣಿಸಹೊರಟರೆ ಬೆರಗಾಗುತ್ತದೆ. ಕುಡಿಯುವ ನೀರು, ಕೊಳಚೆ ನೀರು, ಗಾಳಿಯ ಕೊಳೆ ಇವುಗಳ ಮೇಲೆ ಸಂಶೋಧನೆ ಮಾಡುವ ‘ನೀರಿ’ 1958ರಲ್ಲಿ ಇಲ್ಲಿ ಶುರುವಾಯಿತು. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕಟ್ಟಿದ ಹೆಸರಾದರೂ ಕನ್ನಡದ ಕಿವಿಗೆ ಅದು ನೀರಿನ ಮನೆಯೆಂದೇ ಕೇಳಿಸುತ್ತದೆ. 1976ರಲ್ಲಿ ಹುಟ್ಟಿದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಇಲ್ಲಿದೆ. ದೇಶದ ಮಣ್ಣಿನ ನಕ್ಷೆ ಬರೆಯುವ ಸಂಸ್ಥೆಯ ಮುಖ್ಯ ಕಚೇರಿ ಇಲ್ಲಿದೆ. ನಾಗಪುರದ ಕಿತ್ತಳೆಗೆಂದೇ ಮೀಸಲಾದಂಥ ನಿಂಬೆಜಾತಿ ಹಣ್ಣುಗಳ ಸಂಶೋಧನಾ ಕೇಂದ್ರವಿದೆ. 1923ರಲ್ಲಿ ಶುರುವಾದ ವಿಶ್ವವಿದ್ಯಾಲಯವಿದೆ. ಅದರ ನೂರನೆಯ ವರ್ಷದ ಸಡಗರದಲ್ಲೇ, 2023ರ ಜನವರಿ 3ರಿಂದ 7ರವರೆಗೆ, 108ನೆಯ ಭಾರತೀಯ ವಿಜ್ಞಾನ ಕಾಂಗ್ರೆಸ್ ಅದರ ಆವರಣದಲ್ಲಿ ನಡೆಯಿತು.

ಇದೇ ಊರಿನಲ್ಲಿ ಇನ್ನೊಂದು ಶಕ್ತಿಯೂ ಇತ್ತು. ಆಕಾಶವಾಣಿಯ ನಾಗಪುರ ಕೇಂದ್ರ 1948ರಿಂದಲೂ ಇದೆ. ಅದಲ್ಲದೆ, 1988ರ ಮೇ 18ರಂದು ಆಕಾಶವಾಣಿಯ ‘ನ್ಯಾಷನಲ್ ಚಾನೆಲ್’ ಪ್ರಸಾರ ಶುರುವಾದಾಗ ಅದಕ್ಕೆ ಆರಿಸಿಕೊಂಡ ಜಾಗ ನಾಗಪುರ. 1000 ಕಿಲೋವ್ಯಾಟಿನ ಪ್ರಸಾರಯಂತ್ರ, 1566 ಕಿಲೋಹರ್ಟ್ಸ್. ಹೊತ್ತು ಮುಳುಗಿದ ಮೇಲೆ ಶುರುವಾಗಿ ಬೆಳಗಾಗುವವರೆಗೆ ಪ್ರಸಾರ. ಹಗಲಿನಲ್ಲಿ ಮಧ್ಯಮ ತರಂಗದ ಅಲೆಗಳನ್ನು ವಾತಾವರಣದ ಮೇಲಿನ ಒಂದು ವಿದ್ಯುತ್ ಪದರ ಹೀರಿಬಿಡುತ್ತದೆ. ಸೂರ್ಯ ಇಳಿದೊಡನೆ ಆ ಪದರ ಕರಗುತ್ತದೆ. ಆಗ ಅಲೆಗಳು ಇನ್ನೂ ಮೇಲಿನ ಪದರಗಳಿಗೆ ತಾಗಿ, ಬಾಗಿ, ನೂರಾರು ಕಿಲೋಮೀಟರು ದೂರದಲ್ಲಿ ನೆಲಕ್ಕೆ ಇಳಿಯುತ್ತವೆ. ದೇಶದ ನಡುವಿನ ಒಂದೇ ಕಂಬದಿಂದ ದೇಶಕ್ಕೆಲ್ಲ ರಾತ್ರಿಯ ಮಾತು ತಲುಪಿಸುವ ಯೋಚನೆ ಹುಟ್ಟಿದ್ದು ಈ ಲೆಕ್ಕದಿಂದ. 2018ರ ಕೊನೆಯಲ್ಲಿ ಆ ಚಾನೆಲನ್ನು ಮುಚ್ಚುವ ತೀರ್ಮಾನವಾಯಿತು.

ವಿಜ್ಞಾನವನ್ನು ತಿಳಿದವರೂ ದೂರಕ್ಕೆ ಮಾತು ಕಳಿಸಬಲ್ಲವರೂ ಒಂದೇ ಊರಿನಲ್ಲಿದ್ದರೆ, ಸುತ್ತಲಿನ ಹಳ್ಳಿಗಳಿಗೆ ವಿಜ್ಞಾನ ತಾನಾಗಿ ಹರಿದುಹೋಗುತ್ತದೆ ಎಂದು ಯಾರಿಗಾದರೂ ಅನ್ನಿಸೀತು. ಹಾಗೆ ಆಗುವುದಿಲ್ಲ. ಪ್ರಾಧ್ಯಾಪಕರನ್ನೂ ಪ್ರಸಾರಕರನ್ನೂ ಒಂದು ಕೋಣೆಯಲ್ಲಿ ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಆ ಕೋಣೆಯಲ್ಲಿ ಮೂರನೆಯ ಒಂದು ಕುರ್ಚಿ ಬೇಕು. ಅದು ಯಾರದ್ದು ಎಂಬುದನ್ನು ಹೇಳಲೆಂದೇ ಈ ಲೇಖನ.

ನಾಗಪುರದ ಮಾತು ಬಂದಾಗ ಕನ್ನಡಿಗರಿಗೆ ನೆನಪಾಗಬೇಕಾದ ಒಂದು ಹೆಸರಿದೆ. ಸಿ.ವಿ. ರಾಮನ್ ಹಣಕಾಸು ಇಲಾಖೆಯ ಅಧಿಕಾರಿಯಾಗಿದ್ದ ಕಾಲದಲ್ಲಿ, ರಂಗೂನಿನಿಂದ ವರ್ಗವಾಗಿ 1910ರಲ್ಲಿ ನಾಗಪುರಕ್ಕೆ ಬಂದವರು. ಮರುವರ್ಷ ಕಲ್ಕತ್ತೆಗೆ ಹಿಂದಿರುಗಿದರು. ಆ ಸಣ್ಣ ನಂಟಿನ ನೆನಪಿಗೋ ಎಂಬಂತೆ ಊರಿನ ವಿಜ್ಞಾನ ಕೇಂದ್ರಕ್ಕೆ 1992ರಲ್ಲಿ ಅವರ ಹೆಸರನ್ನೇ ಇಟ್ಟರು. 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್ ಮುಂದೆ ನಮ್ಮವರೇ ಆಗಿಹೋದರು. ಅವರು ರೇಡಿಯೊದಲ್ಲಿ ಮಾತಾಡುತ್ತಿದ್ದರು ಎಂಬುದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಆಕಾಶವಾಣಿಗೆಂದು ಅವರು ಮಾಡಿದ ಭಾಷಣಗಳು 1951ರಲ್ಲಿ ನ್ಯೂಯಾರ್ಕಿನಿಂದ ‘ದಿ ನ್ಯೂ ಫಿಸಿಕ್ಸ್’ ಎಂಬ ಪುಸ್ತಕವಾಗಿ ಹೊರಬಂದವು. ನೊಬೆಲ್ ಪಡೆದ ಮನುಷ್ಯ ಸ್ಟುಡಿಯೊದ ಮೈಕಿನ ಮುಂದೆ ಕೂತು, ಕಾಣದ ಕೇಳುಗನಿಗೆ ಭೌತವಿಜ್ಞಾನ ಹೇಳುವುದನ್ನು ತನ್ನ ಅಂತಸ್ತಿಗೆ ಕಡಿಮೆ ಎಂದುಕೊಳ್ಳಲಿಲ್ಲ. ಇಂದು ವಿಶ್ವವಿದ್ಯಾಲಯಗಳಲ್ಲಿ ‘ರೇಡಿಯೊಗೆ ಹೋಗಿ ಮಾತಾಡುವುದೆಲ್ಲ ಬಿಡುವಿದ್ದವರ ಕೆಲಸ’ ಎನ್ನುವವರು ಈ ಪುಸ್ತಕವನ್ನು ಒಮ್ಮೆ ಕೈಗೆತ್ತಿಕೊಳ್ಳಬೇಕು.

ಕನ್ನಡದ ಮಟ್ಟಿಗೆ ಹೇಳುವುದಾದರೆ, ವಿದ್ವಾಂಸರು ರೇಡಿಯೊಗೆ ಅತಿಥಿಗಳಾಗಿ ಬಂದವರಲ್ಲ. ಮನೆ ಕಟ್ಟಿದವರೇ ಅವರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠಲ ವಿಹಾರ’ದಿಂದ ಪ್ರಸಾರ ಶುರುಮಾಡಿದರು. ಯಂತ್ರದ ಶಕ್ತಿ 30 ವ್ಯಾಟ್. ಇಂದು ನಮ್ಮ ಮನೆಯ ಹಳೆಯ ಕಾಲದ ಒಂದು ಬಲ್ಬು ಅದಕ್ಕಿಂತ ಹೆಚ್ಚು ವಿದ್ಯುತ್ತು ತಿನ್ನುತ್ತದೆ. ಸರ್ಕಾರದ ಕಚೇರಿಯಿಲ್ಲ, ನೌಕರರ ದಂಡಿಲ್ಲ. ಮನೆಯ ಕೋಣೆಯೇ ಸ್ಟುಡಿಯೊ. ಮೈಸೂರಿನ ಲೇಖಕರು, ಸಂಗೀತಗಾರರು, ಕಾಲೇಜಿನ ಮೇಷ್ಟ್ರುಗಳು ಅಲ್ಲಿಗೆ ಬಂದು ಹಾಡಿದರು, ಓದಿದರು, ಮಾತಾಡಿದರು. ಅದಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಎರಡು ದಶಕಗಳ ಮೇಲೆ ಇಡೀ ದೇಶದ ರೇಡಿಯೊ ಆ ಹೆಸರನ್ನು ತನ್ನದಾಗಿಸಿಕೊಂಡಿತು. ಖರ್ಚು ಮೀರಿದಾಗ ಮೈಸೂರು ಸಂಸ್ಥಾನ ಕೇಂದ್ರದ ಹೊಣೆ ಹೊತ್ತುಕೊಂಡಿತು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೊದೊಳಗೆ ಸೇರಿತು, 1955ರಲ್ಲಿ ಪ್ರಸಾರ ಬೆಂಗಳೂರಿಗೆ ಹೋಯಿತು.

ಇದನ್ನು ನಾವು ಸಾಹಿತ್ಯ-ಸಂಸ್ಕೃತಿಯ ಕಥೆಯಾಗಿ ಹೇಳಿಕೊಂಡು ಬಂದಿದ್ದೇವೆ. ಅದರಲ್ಲಿ ವಿಜ್ಞಾನದ ಕಥೆಯೂ ಇದೆ ಎಂದು ನನ್ನ ಅಭಿಪ್ರಾಯ. ಮನುಷ್ಯನ ಮನಸ್ಸು ಹೇಗೆ ಗಮನ ಕೊಡುತ್ತದೆ, ಯಾವಾಗ ದಣಿಯುತ್ತದೆ, ಯಾವುದನ್ನು ನೆನಪಿಟ್ಟುಕೊಳ್ಳುತ್ತದೆ ಎಂಬುದನ್ನೇ ಕಲಿಸುತ್ತಿದ್ದ ಪ್ರಾಧ್ಯಾಪಕರು ಅವರು. ಅಂಥವರೊಬ್ಬರ ಕೈಯಲ್ಲಿ ಕನ್ನಡದ ರೇಡಿಯೊ ಹುಟ್ಟಿದ್ದು ನಮ್ಮ ಭಾಗ್ಯ. ಸುಮಾರು ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಮೇರಿ ಆಡಮ್ಸ್ ಎಂಬ ಜೀವವಿಜ್ಞಾನಿ 1928ರಲ್ಲಿ ಅನುವಂಶೀಯತೆಯ ಬಗ್ಗೆ ಬಿಬಿಸಿಯಲ್ಲಿ ಭಾಷಣ ಮಾಡಿ, 1930ರಲ್ಲಿ ಕೇಂಬ್ರಿಡ್ಜಿನ ಪಾಠ ಬಿಟ್ಟು ಬಿಬಿಸಿಯ ನೌಕರಿಗೇ ಸೇರಿದರು. ಕಲ್ಕತ್ತೆಯಲ್ಲಿ ಶಿಶಿರ್ ಕುಮಾರ್ ಮಿತ್ರ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಿಂದಲೇ ಸಣ್ಣ ರೇಡಿಯೊ ಕೇಂದ್ರ ನಡೆಸಿದರು. ನಾಗಪುರದ ಅಲೆಗಳನ್ನು ರಾತ್ರಿ ದೂರಕ್ಕೆ ಒಯ್ಯುವ ಆ ಮೇಲ್ಪದರಗಳನ್ನು ಜೀವನಪೂರ್ತಿ ಅಭ್ಯಾಸ ಮಾಡಿದವರೂ ಅವರೇ. ರೇಡಿಯೊದ ಮೊದಲ ತಲೆಮಾರಿನಲ್ಲಿ ವಿದ್ವಾಂಸ ಮತ್ತು ಪ್ರಸಾರಕ ಎಂಬ ಗೆರೆಯೇ ಇನ್ನೂ ಗಟ್ಟಿಯಾಗಿರಲಿಲ್ಲ.

ಗೆರೆ ಬಿದ್ದದ್ದು ಆಮೇಲೆ. ರೇಡಿಯೊ ಇಲಾಖೆಯಾಯಿತು. ವಿಶ್ವವಿದ್ಯಾಲಯ ಪದವಿಗಳ ಮನೆಯಾಯಿತು. ಕಾರ್ಯಕ್ರಮ ನಿರ್ವಾಹಕರು ಪ್ರಾಧ್ಯಾಪಕರಿಗೆ ಪತ್ರ ಬರೆಯುವುದು, ಅವರು ಹತ್ತು ನಿಮಿಷದ ಭಾಷಣ ಬರೆದು ತರುವುದು, ಗಾಜಿನ ಆಚೆಯಿಂದ ಕೆಂಪು ದೀಪ ಹತ್ತಿದೊಡನೆ ಓದುವುದು, ಸಂಭಾವನೆಯ ಕಾಗದಕ್ಕೆ ಸಹಿ ಹಾಕಿ ಹೊರಡುವುದು. ಇದೊಂದು ಶಿಷ್ಟಾಚಾರವಾಗಿ ನಿಂತಿತು. ಬರೆದದ್ದನ್ನು ಓದುವ ವಿಜ್ಞಾನ ಭಾಷಣ ಎಷ್ಟು ಒಳ್ಳೆಯದಾಗಿದ್ದರೂ ಒಂದು ಕೊರತೆ ಉಳಿಯುತ್ತದೆ. ಪುಸ್ತಕ ಓದುವವನು ಅರ್ಥವಾಗದಿದ್ದರೆ ಹಾಳೆ ಹಿಂದಕ್ಕೆ ಮಗುಚುತ್ತಾನೆ. ರೇಡಿಯೊ ಕೇಳುವವನಿಗೆ ಆ ಅನುಕೂಲವಿಲ್ಲ. ಅವನು ದನಕ್ಕೆ ಹುಲ್ಲು ಹಾಕುತ್ತಲೋ ಅಕ್ಕಿ ಆರಿಸುತ್ತಲೋ ಕೇಳುತ್ತಿರುತ್ತಾನೆ. ಒಂದು ವಾಕ್ಯ ಕೈತಪ್ಪಿದರೆ ಅದು ಹೋದದ್ದೇ.

ಕೇವಲ ಕೇಳಿಸಿದರೆ ಎಷ್ಟು ಉಪಯೋಗ ಎಂಬುದನ್ನು ಅಳೆದು ನೋಡಿದ ಒಂದು ಪ್ರಯೋಗ ನಮ್ಮ ನೆರೆಯಲ್ಲೇ ನಡೆದಿದೆ. 1956ರ ಬೇಸಿಗೆಯ ಮೊದಲಿನಲ್ಲಿ, ಯುನೆಸ್ಕೊ ನೆರವಿನಿಂದ, ಅಂದಿನ ಮುಂಬಯಿ ರಾಜ್ಯದ ಐದು ಮರಾಠಿ ಜಿಲ್ಲೆಗಳಲ್ಲಿ ಪುಣೆ ಆಕಾಶವಾಣಿ ಕೇಂದ್ರದವರು ಕೃಷಿ ರೇಡಿಯೊ ಕೂಟಗಳನ್ನು ಕಟ್ಟಿದರು. ಆಗ ಧಾರವಾಡ, ಬೆಳಗಾವಿ, ಬಿಜಾಪುರ ಇನ್ನೂ ಮುಂಬಯಿ ರಾಜ್ಯದಲ್ಲೇ ಇದ್ದವು, ನಾಗಪುರ ಮಧ್ಯಪ್ರದೇಶದ ರಾಜಧಾನಿಯಾಗಿತ್ತು. ರಾಜ್ಯಗಳ ಗಡಿ ಬದಲಾಗಲು ಆರೇಳು ತಿಂಗಳಷ್ಟೇ ಬಾಕಿ. ಸುಮಾರು 150 ಹಳ್ಳಿಗಳಲ್ಲಿ ಇಪ್ಪತ್ತಿಪ್ಪತ್ತು ಜನರ ಕೂಟ. ವಾರಕ್ಕೆ ಎರಡು ದಿನ, ಹತ್ತು ವಾರ, ಒಟ್ಟು 20 ಕಾರ್ಯಕ್ರಮ. ಅರ್ಧ ಗಂಟೆ ರೇಡಿಯೊ ಕೇಳುವುದು, ಮುಗಿದ ಮೇಲೆ ಅಲ್ಲೇ ಕೂತು ಚರ್ಚೆ ಮಾಡುವುದು. ಕೂಟದ ಸಂಚಾಲಕ ಚರ್ಚೆಯ ಸಾರವನ್ನೂ ಎದ್ದ ಪ್ರಶ್ನೆಗಳನ್ನೂ ಬರೆದು ಪುಣೆಗೆ ಕಳಿಸುವುದು. ಅವಕ್ಕೆ ಮುಂದಿನ ಪ್ರಸಾರದಲ್ಲಿ ಉತ್ತರ ಬರುವುದು.

ಇದರ ಅಳತೆಯ ಕೆಲಸ ವಹಿಸಿಕೊಂಡದ್ದು ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆ. ಪಾಲ್ ನ್ಯೂರಾತ್ ಎಂಬ ಸಮಾಜಶಾಸ್ತ್ರಜ್ಞರು ಜಾಣತನದ ಒಂದು ಏರ್ಪಾಡು ಮಾಡಿದರು. ಕೂಟವಿದ್ದ ಹಳ್ಳಿಗಳ ಜೊತೆಗೆ, ರೇಡಿಯೊ ಇದ್ದೂ ಕೂಟವಿಲ್ಲದ ಹಳ್ಳಿಗಳನ್ನೂ, ರೇಡಿಯೊವೇ ಇಲ್ಲದ ಹಳ್ಳಿಗಳನ್ನೂ ಆರಿಸಿಕೊಂಡು, ಪ್ರಸಾರಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಜನರ ತಿಳಿವಳಿಕೆಯನ್ನು ಪರೀಕ್ಷಿಸಿದರು. ಕೂಟವಿದ್ದ ಹಳ್ಳಿಗಳಲ್ಲಿ ತಿಳಿವಳಿಕೆ ಎದ್ದು ಕಾಣುವಂತೆ ಬೆಳೆದಿತ್ತು. ರೇಡಿಯೊ ಮಾತ್ರ ಇದ್ದ ಹಳ್ಳಿಗಳಲ್ಲಿ ಆದ ಬದಲಾವಣೆ ಅತಿ ಕಡಿಮೆ. ಅದೇ ದನಿ, ಅದೇ ಮಾತು, ಅದೇ ಭಾಷೆ. ಕೇಳಿದ ಮೇಲೆ ಜಗಲಿಯಲ್ಲಿ ಕೂತು ವಾದಿಸಿ, ಪ್ರಶ್ನೆ ಬರೆದು ಕಳಿಸಿದವರಿಗೆ ಮಾತ್ರ ಅದು ಅರಿವಾಗಿ ಉಳಿಯಿತು. ಆಕಾಶವಾಣಿಯ ಮಹಾನಿರ್ದೇಶಕರಾಗಿದ್ದ ಜೆ.ಸಿ. ಮಾಥುರ್ ಮತ್ತು ನ್ಯೂರಾತ್ ಸೇರಿ ಬರೆದ ವರದಿಯನ್ನು ಯುನೆಸ್ಕೊ 1959ರಲ್ಲಿ ಪ್ರಕಟಿಸಿತು. ವಿದ್ವಾಂಸರೂ ಪ್ರಸಾರಕರೂ ಕೈಗೂಡಿಸಿ ಮಾಡಿದ ಕೆಲಸಗಳಲ್ಲಿ ಇದಕ್ಕಿಂತ ಹೆಚ್ಚು ತೂಕದ್ದು ನಮ್ಮ ದೇಶದಲ್ಲಿ ಇನ್ನೊಂದನ್ನು ನಾನು ಕಾಣೆ.

ಮರಾಠಿಯಲ್ಲಿ ಕಿವಿಗೊಡುವುದಕ್ಕೆ ‘ಐಕಣೇ’ ಎನ್ನುತ್ತಾರೆ, ಪ್ರಶ್ನಿಸುವುದಕ್ಕೆ ‘ವಿಚಾರಣೇ’. ಕನ್ನಡದಲ್ಲಿ ಎರಡಕ್ಕೂ ‘ಕೇಳು’ ಎಂಬ ಒಂದೇ ಮಾತು ಸಾಕು. ಅಜ್ಜಿಯ ಬಾಯಲ್ಲಿ ಕಥೆ ಕೇಳುತ್ತೇವೆ, ಅಂಗಡಿಯವನನ್ನು ಲೆಕ್ಕ ಕೇಳುತ್ತೇವೆ. ನ್ಯೂರಾತ್ ಅವರು ಹತ್ತು ವಾರ ದುಡಿದು ಕಂಡುಕೊಂಡದ್ದನ್ನು ನಮ್ಮ ನುಡಿ ಯಾವಾಗಲೋ ತನ್ನೊಳಗೆ ಇಟ್ಟುಕೊಂಡಿದೆ. ‘ಕೇಳುಗ’ ಎಂಬ ಪದದಲ್ಲೇ ಪ್ರಶ್ನೆ ಹಾಕುವವನೂ ಕೂತಿದ್ದಾನೆ. ಮೂರನೆಯ ಕುರ್ಚಿ ಅವನದು.

ಈ ಕುರ್ಚಿ ಖಾಲಿ ಉಳಿದರೆ ಏನಾಗುತ್ತದೆ ಎಂಬುದನ್ನು ನಾಗಪುರದ ಸುತ್ತಲಿನ ಹತ್ತಿ ಹೊಲಗಳು ತೋರಿಸಿಕೊಟ್ಟಿವೆ. ವಿದರ್ಭದ ಕಪ್ಪು ಮಣ್ಣೂ ನಮ್ಮ ಧಾರವಾಡ, ಹಾವೇರಿ, ಗದಗ, ರಾಯಚೂರಿನ ಎರೆ ಭೂಮಿಯೂ ಒಂದೇ ಜಾತಿಯ ನೆಲ. ಎರಡೂ ಕಡೆ ಬೆಳೆ ಹತ್ತಿ, ಎರಡೂ ಕಡೆ ವೈರಿ ಕಾಯಿಕೊರಕ. 2002ರಲ್ಲಿ ಬಿಟಿ ಹತ್ತಿಗೆ ಸರ್ಕಾರದ ಒಪ್ಪಿಗೆ ಸಿಕ್ಕಿತು. ಮಣ್ಣಿನ ಒಂದು ಬ್ಯಾಕ್ಟೀರಿಯಾದ ವಂಶವಾಹಿಯನ್ನು ಸೇರಿಸಿಕೊಂಡ ಈ ಗಿಡ ತಾನೇ ಹುಳಕ್ಕೆ ವಿಷವಾಗುತ್ತದೆ. ಮಾರುವಾಗ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜದ ಇನ್ನೊಂದು ಪೊಟ್ಟಣ ಕೊಡುತ್ತಿದ್ದರು. ಅದನ್ನು ಹೊಲದ ಸುತ್ತ ಬಿತ್ತಬೇಕು ಎಂಬುದು ವಿಜ್ಞಾನಿಗಳ ಕಟ್ಟುನಿಟ್ಟಿನ ಮಾತು. ಬಹಳಷ್ಟು ರೈತರು ಆ ಪೊಟ್ಟಣವನ್ನು ಬಿತ್ತಲಿಲ್ಲ. ಹುಳ ತಿನ್ನುವ ಗಿಡವನ್ನು ತಾವೇ ನೆಡುವುದು ಯಾರಿಗೆ ತಾನೆ ಸರಿಯೆನಿಸುತ್ತದೆ?

ಇಲ್ಲಿದೆ ನೋಡಿ ವಿಜ್ಞಾನ ಪ್ರಸಾರದ ನಿಜವಾದ ಪರೀಕ್ಷೆ. ಪ್ರಾಧ್ಯಾಪಕರು ಬರೆದು ತರುವ ಭಾಷಣ ಹೀಗಿರುತ್ತದೆ: ‘ಆಶ್ರಯ ಬೆಳೆಯನ್ನು ಅಳವಡಿಸುವುದರಿಂದ ಕೀಟಗಳಲ್ಲಿ ನಿರೋಧಕತೆ ಬೆಳೆಯುವ ಪ್ರಕ್ರಿಯೆಯನ್ನು ವಿಳಂಬಗೊಳಿಸಬಹುದು.’ ಒಂದು ಅಕ್ಷರವೂ ತಪ್ಪಿಲ್ಲ. ಒಬ್ಬ ರೈತನಿಗೂ ತಲುಪುವುದಿಲ್ಲ. ಒಳ್ಳೆಯ ಪ್ರಸಾರಕ ಈ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟು, ಹೊಲದಿಂದ ಒಬ್ಬರನ್ನು ಕರೆತಂದು ಕೂರಿಸುತ್ತಾನೆ. ಧಾರವಾಡದ ಕಡೆ ಅಂಥ ಮಾತುಕತೆ ಹೇಗಿದ್ದೀತು ಎಂದು ಊಹಿಸಿಕೊಳ್ಳಿ.

‘ಸಾಹೇಬ್ರ, ರೊಕ್ಕಾ ಕೊಟ್ಟು ತಂದ ಬೀಜದ ಜೋಡಿ ಹುಳಾ ಹತ್ತೋ ಬೀಜಾನೂ ಯಾಕ ಬಿತ್ತಬೇಕ್ರಿ?’

‘ಯಜಮಾನ್ರ, ಸಾವಿರ ಹುಳದಾಗ ಒಂದೆರಡು ಗಟ್ಟಿ ಇರ್ತಾವು. ಬಿಟಿ ತಿಂದರೂ ಸಾಯಂಗಿಲ್ಲ. ಹೊಲದ ತುಂಬ ಬರೇ ಬಿಟಿ ಇದ್ದರ ಉಳಿಯೋವು ಆ ಗಟ್ಟಿ ಹುಳಾ ಅಷ್ಟ. ಗಟ್ಟಿದ್ದು ಗಟ್ಟಿದ್ದನ್ನ ಕೂಡಿದರ ಮರಿ ಎಲ್ಲಾ ಗಟ್ಟಿನ.’

‘ಹೂಂ ಖರೇ.’

‘ಬಾಜೂ ಸಾದಾ ಹತ್ತಿ ಇತ್ತಂದ್ರ ಅಲ್ಲಿ ಸಾದಾ ಹುಳಾ ನೂರಾರು ಉಳೀತಾವು. ಗಟ್ಟಿ ಹುಳಕ್ಕ ಸಾದಾ ಮನಿತನದ ಸಂಬಂಧ ಬೀಳತೈತಿ. ಅದರ ಮರಿ ಬಿಟಿ ತಿಂದ್ರ ಸಾಯತಾವು. ನೀವು ಹುಳಕ್ಕ ಬಿಟ್ಟಿದ್ದು ಪಾಲಲ್ರಿ, ಬಲಿ.’

ಈ ಸಂಭಾಷಣೆಯಲ್ಲಿ ತಳಿವಿಜ್ಞಾನದ ಒಂದು ಇಡೀ ಅಧ್ಯಾಯವಿದೆ. ಅಪರೂಪದ ನಿರೋಧಕ ಗುಣ, ಅದು ಸಾಮಾನ್ಯವಾಗಿ ಅಡಗುವ ಗುಣವಾಗಿರುವುದು, ಕೂಡುವಿಕೆಯ ಆಯ್ಕೆ, ಮುಂದಿನ ಪೀಳಿಗೆ ಎಲ್ಲವೂ ಇದೆ. ‘ಸಂಬಂಧ’ ಎಂಬ ಮಾತು ವಿಜ್ಞಾನಿಗೆ ತಾನಾಗಿ ಹೊಳೆಯುವಂಥದ್ದಲ್ಲ. ಎದುರಿಗೆ ಕೂತ ರೈತ ‘ಯಾಕ್ರಿ’ ಎಂದು ಕೇಳಿದಾಗ, ಮಧ್ಯದಲ್ಲಿರುವ ಪ್ರಸಾರಕ ‘ಇನ್ನೂ ಬಿಡಿಸಿ ಹೇಳಿ ಸರ್’ ಎಂದು ಹಟ ಹಿಡಿದಾಗ ಅದು ಹುಟ್ಟುತ್ತದೆ. ಪ್ರಸಾರಕನ ವಿದ್ಯೆ ಇರುವುದು ಮೈಕು ಹಿಡಿಯುವುದರಲ್ಲಿ ಅಷ್ಟಲ್ಲ, ಈ ಹಟದಲ್ಲಿ. ತನಗೆ ಅರ್ಥವಾಗದ್ದನ್ನು ಅರ್ಥವಾಯಿತೆಂದು ತಲೆಯಾಡಿಸುವ ಪ್ರಸಾರಕ ವಿಜ್ಞಾನಕ್ಕೆ ಮಾಡುವ ಅನ್ಯಾಯ ದೊಡ್ಡದು.

ಬಿತ್ತದೆ ಉಳಿದ ಆ ಪೊಟ್ಟಣಗಳಿಗೆ ಬೆಲೆ ತೆರಬೇಕಾಯಿತು. ಗುಲಾಬಿ ಕಾಯಿಕೊರಕ ಹೆಚ್ಚುಕಡಿಮೆ ಹತ್ತಿಯನ್ನೇ ನಂಬಿ ಬದುಕುವ ಹುಳು. ಕಾಯಿಯೊಳಗೆ ಹೊಕ್ಕು ಬೀಜ ತಿನ್ನುವುದರಿಂದ ಹೊರಗಿನಿಂದ ಹೊಡೆದ ಔಷಧ ಅದಕ್ಕೆ ತಾಗುವುದೇ ಕಷ್ಟ. ನಿರೋಧಕತೆ ಬೆಳೆಸಿಕೊಂಡ ಅದು 2017ರಲ್ಲಿ ವಿದರ್ಭದ ಹತ್ತಿಯನ್ನು ಹಾಳುಮಾಡಿತು. ಅದೇ ವರ್ಷ, ನಾಗಪುರದಿಂದ ಸುಮಾರು 150 ಕಿಲೋಮೀಟರು ದೂರದ ಯವತ್ಮಾಳ ಜಿಲ್ಲೆಯಲ್ಲಿ, ಹತ್ತಿಗೆ ಕೀಟನಾಶಕ ಸಿಂಪಡಿಸುತ್ತಿದ್ದ ರೈತರೂ ಕೂಲಿಗಳೂ ವಿಷಗಾಳಿ ಕುಡಿದು ಕನಿಷ್ಠ 20 ಮಂದಿ ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಆಳೆತ್ತರ ಬೆಳೆದ ಗಿಡಗಳ ನಡುವೆ, ಎರಡು ಮೂರು ಔಷಧ ಬೆರೆಸಿಕೊಂಡು, ಮುಖಕ್ಕೆ ಕೈಗೆ ರಕ್ಷಣೆಯಿಲ್ಲದೆ ಸಿಂಪಡಿಸುತ್ತಿದ್ದವರು ಅವರು. ದೇಶದ ಹತ್ತಿ ಸಂಶೋಧನೆಯ ಮುಖ್ಯ ಮನೆಯಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿ ಅದು. ಔಷಧದ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಎಲ್ಲ ಎಚ್ಚರಿಕೆ ಬರೆದಿರುತ್ತದೆ. ಓದಲು ಬಾರದ ಕೂಲಿಯವನಿಗೆ ಅದನ್ನು ಬಾಯಲ್ಲಿ ಹೇಳುವವರು ಬೇಕಿತ್ತು. ಸಿಂಪಡಣೆ ಶುರುವಾಗುವ ಮೊದಲು, ಅವನ ಮಾತಿನಲ್ಲಿ, ದಿನಕ್ಕೆ ಎರಡು ಸಲ ಹೇಳಬೇಕಿತ್ತು. ವಿಜ್ಞಾನವನ್ನು ಜನಕ್ಕೆ ತಲುಪಿಸುವುದು ಎಂದರೆ ಚಂದ್ರಯಾನದ ಬಗ್ಗೆ ರೋಮಾಂಚನ ಹುಟ್ಟಿಸುವುದಷ್ಟೇ ಎಂದು ತಿಳಿದವರಿಗೆ ಯವತ್ಮಾಳದ ನೆನಪು ಸದಾ ಇರಲಿ.

ಒಳ್ಳೆಯ ಉದಾಹರಣೆಗಳೂ ಇವೆ. 1960ರ ದಶಕದಲ್ಲಿ ತಂಜಾವೂರಿನ ಕಡೆ ತಿರುಚಿರಾಪಳ್ಳಿ ಆಕಾಶವಾಣಿಯ ಪ್ರಚಾರದಿಂದ ಹಬ್ಬಿದ ಎಡಿಟಿ-27 ಎಂಬ ಭತ್ತದ ತಳಿಗೆ ರೈತರು ಇಟ್ಟ ಹೆಸರು ‘ರೇಡಿಯೊ ಭತ್ತ’. ವಿಜ್ಞಾನಿ ಕೊಟ್ಟ ಸಂಖ್ಯೆ ಮರೆತುಹೋಗಿ, ಸುದ್ದಿ ತಂದ ಪೆಟ್ಟಿಗೆಯ ಹೆಸರು ಬೆಳೆಗೆ ಅಂಟಿಕೊಂಡಿತು. ನಮ್ಮಲ್ಲಿ ಧಾರವಾಡಕ್ಕೆ ಆ ಬಗೆಯ ಅದೃಷ್ಟವಿದೆ. ಆಕಾಶವಾಣಿ ಅಲ್ಲಿ 1950ರ ಜನವರಿಯಿಂದಲೇ ಇದೆ. ಬಿ.ಎಚ್. ಕಟರಕಿಯವರು 1972ರಲ್ಲಿ ‘ವರಲಕ್ಷ್ಮಿ’ ಎಂಬ ಉದ್ದ ಎಳೆಯ ಸಂಕರಣ ಹತ್ತಿಯನ್ನು ಕೊಟ್ಟದ್ದು ಅಲ್ಲಿಂದಲೇ. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಮಾಡಿದ ಆ ಬೀಜ ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಮೇಲೆ ಹೆಂಚು ಹೊದಿಸಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ತನ್ನದೇ ಸಮುದಾಯ ಬಾನುಲಿ ಕೇಂದ್ರವನ್ನೂ ತೆರೆಯಿತು. ಗಾಳಿಯ ಅಲೆಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿದ ಮಾತಿನ ದೂರದ ಫಲವದು. ಗೋಪಾಲಸ್ವಾಮಿಯವರ ಕಾಲದಲ್ಲಿ ಇಲ್ಲದಿದ್ದ, ಆಮೇಲೆ ಬಿದ್ದ ಗೆರೆ ಇಲ್ಲಿ ಅಳಿಸಿತು. ಪಾಠ ಹೇಳುವವರೂ ಪ್ರಸಾರ ಮಾಡುವವರೂ ಒಂದೇ ಆವರಣದೊಳಗೆ, ರೈತ ನಡೆದುಬರುವ ದಾರಿಯ ಪಕ್ಕದಲ್ಲೇ ಕೂತರು.

ನಾಗಪುರದ ಹತ್ತಿ ಸಂಸ್ಥೆಯೂ ಸುಮ್ಮನೆ ಕೂತಿಲ್ಲ. ಕಳೆದ ದಶಕದಲ್ಲಿ ಅದು ‘ಇ-ಕಪಾಸ್’ ಎಂಬ ಜಾಲ ಕಟ್ಟಿ, ಹತ್ತಿ ಬೆಳೆಯುವ ರಾಜ್ಯಗಳ ಕೃಷಿ ವಿಶ್ವವಿದ್ಯಾಲಯಗಳ ಮೂಲಕ ಆಯಾ ಭಾಷೆಯಲ್ಲಿ ಧ್ವನಿ ಸಂದೇಶ ಮುದ್ರಿಸಿ ರೈತರ ಮೊಬೈಲಿಗೆ ಕಳಿಸಿತು. ‘ಮೋಹಕ ಬಲೆಗೆ ರಾತ್ರಿಗೆ ಎಂಟರಂತೆ ಮೂರು ರಾತ್ರಿ ಪತಂಗ ಬಿದ್ದರೆ ಔಷಧದ ಯೋಚನೆ ಮಾಡಿ, ಅದಕ್ಕಿಂತ ಮೊದಲು ಬೇಡ’ ಎಂಬಂಥ ಸಲಹೆ ಹೇಳಲು ಅರ್ಧ ನಿಮಿಷ ಸಾಕು, ಅದು ಉಳಿಸುವ ಔಷಧದ ಖರ್ಚು ಸಾವಿರಗಳಲ್ಲಿ. ನನ್ನ ಆಕ್ಷೇಪ ಒಂದೇ. ಮುದ್ರಿಸಿ ಕಳಿಸುವ ಧ್ವನಿ ಹೋಗುವ ದಾರಿಯೇ ಹೊರತು ಬರುವ ದಾರಿಯಲ್ಲ. ‘ನಮ್ಮ ಹೊಲದಾಗ ಹೂವಿನ ದಳ ಹೊಲಿದಂಗ ಮುಚ್ಚಿಕೊಂಡಾವ, ಏನಿದು?’ ಎಂದು ರೈತ ಮರುಮಾತು ಕಳಿಸಲು ಅಲ್ಲಿ ಜಾಗವಿರಬೇಕು. ಆ ಮುಚ್ಚಿದ ಹೂವಿನೊಳಗೆ ಗುಲಾಬಿ ಹುಳು ಕೂತಿರುತ್ತದೆ. ಅದು ಬಂದಿದೆ ಎಂಬ ಮೊದಲ ಸುದ್ದಿ ಸಂಶೋಧನಾ ಸಂಸ್ಥೆಗೆ ತಲುಪಬೇಕಾದದ್ದು ರೈತನ ಬಾಯಿಂದಲೇ.

ಮಕ್ಕಳ ಮಟ್ಟಿಗೆ ಇಂಥ ಮರುಮಾತಿನ ದಾರಿಯನ್ನು ಒಮ್ಮೆ ದೊಡ್ಡದಾಗಿ ತೆರೆದು ನೋಡಿದ್ದೂ ಉಂಟು. 1991ರಲ್ಲಿ ಕೇಂದ್ರ ಸರ್ಕಾರದ ವಿಜ್ಞಾನ ಸಂವಹನ ಮಂಡಳಿ ಮತ್ತು ಆಕಾಶವಾಣಿ ಸೇರಿ ‘ಮಾನವ್ ಕಾ ವಿಕಾಸ್’ ಎಂಬ 144 ಕಂತುಗಳ ಸರಣಿ ಶುರುಮಾಡಿದವು. ಮನುಷ್ಯ ವಿಕಾಸಗೊಂಡ ಕಥೆ ವಾರಕ್ಕೊಂದರಂತೆ, 18 ಭಾಷೆಗಳಲ್ಲಿ. ಸುಮಾರು ಒಂದು ಲಕ್ಷ ಮಕ್ಕಳೂ 10,000 ಶಾಲೆಗಳೂ ಕೇಳುಗರೆಂದು ಹೆಸರು ನೋಂದಾಯಿಸಿಕೊಂಡಿದ್ದರು. ಅವರಿಗೆ ಚಿತ್ರ, ಚಟುವಟಿಕೆಗಳ ಕಿಟ್ ಪುಕ್ಕಟೆಯಾಗಿ ಹೋಗುತ್ತಿತ್ತು. ಕೇಳುಗನ ಹೆಸರು, ವಿಳಾಸ ಪ್ರಸಾರಕನ ಬಳಿ ಇದೆ ಎಂಬ ಒಂದು ಸಂಗತಿಯೇ ಕಾರ್ಯಕ್ರಮದ ಗುಣವನ್ನು ಬದಲಿಸುತ್ತದೆ. ಗಾಳಿಗೆ ಮಾತಾಡುವುದಕ್ಕೂ ಒಂದು ಶಾಲೆಯ ಮಕ್ಕಳೊಂದಿಗೆ ಮಾತಾಡುವುದಕ್ಕೂ ಅಜಗಜಾಂತರ.

ಇಷ್ಟು ಅನುಭವವಿದ್ದೂ ಈ ಕೂಡುಕೆಲಸ ಏಕೆ ಗಟ್ಟಿಯಾಗಿ ನೆಲೆ ನಿಲ್ಲುವುದಿಲ್ಲ? ಪ್ರಾಧ್ಯಾಪಕರ ಬಡ್ತಿಯ ಲೆಕ್ಕದಲ್ಲಿ ಸಂಶೋಧನಾ ಪ್ರಬಂಧಕ್ಕಿರುವ ತೂಕ, ಹತ್ತು ಸಾವಿರ ಜನ ಕೇಳಿದ ರೇಡಿಯೊ ಮಾತಿಗಿಲ್ಲ. ಆಸಕ್ತಿಯ ಕಾರ್ಯಕ್ರಮ ನಿರ್ವಾಹಕರು ಒಂದು ಊರಿನ ವಿಜ್ಞಾನಿಗಳ ಪರಿಚಯ ಬೆಳೆಸಿಕೊಳ್ಳುವಷ್ಟರಲ್ಲಿ ವರ್ಗವಾಗುತ್ತಾರೆ, ಕಟ್ಟಿದ ನಂಟು ಅವರ ಟಿಪ್ಪಣಿ ಪುಸ್ತಕದ ಜೊತೆಗೇ ಹೊರಟುಹೋಗುತ್ತದೆ. ಇವೆರಡೂ ಸರಿಪಡಿಸಲಾಗದ ದೋಷಗಳೇನಲ್ಲ. ವಿಶ್ವವಿದ್ಯಾಲಯವೊಂದು ತನ್ನ ಆಕಾಶವಾಣಿ ಕೇಂದ್ರದ ಜೊತೆ ಲಿಖಿತ ಒಪ್ಪಂದ ಮಾಡಿಕೊಂಡು, ವರ್ಷಕ್ಕೆ ಇಷ್ಟು ಗಂಟೆ ಪ್ರಸಾರ, ಇಷ್ಟು ಅಧ್ಯಾಪಕರು, ಬಂದ ಇಷ್ಟು ಪ್ರಶ್ನೆಗಳಿಗೆ ಉತ್ತರ ಎಂದು ಗೊತ್ತುಮಾಡಿಕೊಂಡರೆ ವ್ಯಕ್ತಿಗಳು ಬದಲಾದರೂ ಕೆಲಸ ನಡೆಯುತ್ತದೆ. ಐದು ದಿನದ ವಿಜ್ಞಾನ ಕಾಂಗ್ರೆಸ್ಸಿಗೆ ಪಡುವ ಶ್ರಮದಲ್ಲಿ ಒಂದು ಪಾಲನ್ನು ಉಳಿದ 360 ದಿನಗಳಿಗೂ ಎತ್ತಿಡಬೇಕು ಎಂದು ಕೇಳುವುದು ಹೆಚ್ಚಿನ ಬೇಡಿಕೆಯಲ್ಲ.

ಸಂಸ್ಥೆಗಳಿಗೆ ಕಾಯದೆ ಕೆಲಸಕ್ಕಿಳಿದವರೂ ನಮ್ಮಲ್ಲಿದ್ದಾರೆ. ನಾಗಪುರದ ‘ನೀರಿ’ಗೆ ಮೈಸೂರಿನಲ್ಲೊಂದು ಸೋದರ ಸಂಸ್ಥೆಯಿದೆ, ಆಹಾರದ ಮೇಲೆ ಸಂಶೋಧನೆ ಮಾಡುವ ಸಿಎಫ್‌ಟಿಆರ್‌ಐ. ಅಲ್ಲಿ ವಿಜ್ಞಾನಿಯಾಗಿದ್ದ ಕೊಳ್ಳೇಗಾಲ ಶರ್ಮ ಅವರು 2017ರಿಂದ ‘ಜಾಣಸುದ್ದಿ’ ಎಂಬ ಕನ್ನಡದ ವಿಜ್ಞಾನ ಧ್ವನಿಪತ್ರಿಕೆಯನ್ನು ಕಟ್ಟಿ ನಡೆಸಿದರು. ಹೊಸ ಸಂಶೋಧನೆಗಳ ಸುದ್ದಿ ಕನ್ನಡದ ದನಿಯಲ್ಲಿ ಮೊಬೈಲಿಗೆ ಬರುತ್ತಿತ್ತು. ಒಂಟಿಕೊಪ್ಪಲಿನ ಆ 30 ವ್ಯಾಟಿನ ಮನೆಗೂ ಸಿಎಫ್‌ಟಿಆರ್‌ಐಗೂ ನಡೆದು ಹೋಗುವಷ್ಟೇ ದೂರ.

ಸ್ಟುಡಿಯೊ ಕಟ್ಟುವುದು ಎಲ್ಲರಿಂದ ಆಗದು. ಮೂರನೆಯ ಕುರ್ಚಿಯಲ್ಲಿ ಕೂರುವುದು ಮಾತ್ರ ಯಾರಿಂದಲೂ ಆದೀತು. ನಿಮ್ಮ ಬಾವಿಯ ನೀರು ಏಕೆ ಕಂದಾಗುತ್ತಿದೆ, ಈ ವರ್ಷ ಮಾವು ಏಕೆ ಕಚ್ಚಲಿಲ್ಲ, ಮೊಮ್ಮಗುವಿಗೆ ಹಾಕಿಸಬೇಕಾದ ಚುಚ್ಚುಮದ್ದು ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆ ನಿಮ್ಮಲ್ಲಿ ಇದ್ದೇ ಇರುತ್ತದೆ. ಅದನ್ನು ಒಂದು ಕಾರ್ಡಿನಲ್ಲಿ ಬರೆಯಿರಿ, ಅಥವಾ ಫೋನ್-ಇನ್ ಕಾರ್ಯಕ್ರಮದ ಸಂಖ್ಯೆಗೆ ಕರೆಮಾಡಿ. ‘ಇದಕ್ಕೆ ವಿಶ್ವವಿದ್ಯಾಲಯದವರನ್ನು ಕರೆಸಿ ಉತ್ತರ ಹೇಳಿಸಿ’ ಎಂದು ಒಂದು ಸಾಲು ಸೇರಿಸಿ. ಮೈಸೂರು, ಬೆಂಗಳೂರು, ಧಾರವಾಡ, ಕಲಬುರಗಿ, ಭದ್ರಾವತಿ, ಮಂಗಳೂರು, ನಿಮಗೆ ಹತ್ತಿರದ ಆಕಾಶವಾಣಿ ಕೇಂದ್ರ ಯಾವುದಿದ್ದರೂ ಸರಿ, ಈ ವಾರವೇ ಕೇಳಿ.